ಎಂಡೋಸ್ಕೋಪಿಗೆ ಎಷ್ಟು ಮಂಪರು ಬೇಕು? ಸರಿಯಾದ ಡೋಸ್ ಹುಡುಕೋದು ಹೇಗೆ?

ಕೇಳೋಕೆ ಟೈಮ್ ಸಿಗದವರಿಗೆ, ಬಸ್ಸಲ್ಲಿ ಇಯರ್‌ಫೋನ್ ಮರೆತವರಿಗೆ ಈ ಸಂಚಿಕೆಯ ಪಠ್ಯ ಇಲ್ಲಿದೆ.

ಇವತ್ತಿನ ವಿಷಯ ಬಂದಿದ್ದು ಕೇಳುಗರಿಂದಲೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮಾತಲ್ಲಿ ಇತ್ತು. ಒಂದನ್ನು ಹಾಗೇ ಓದ್ತೀನಿ: "ಅಪ್ಪಾಜಿಗೆ ಎಂಡೋಸ್ಕೋಪಿ ಬರೆದುಕೊಟ್ಟಾರ. ಪೈಪ್ ಅಂದ್ರ ಭಾಳ ಹೆದರ್ತಾರ. ಪೂರ್ತಿ ನಿದ್ದಿ ಬರೋ ಇಂಜೆಕ್ಷನ್ ಕೊಡಿಸಬಹುದಾ? ಕೊಟ್ರ ಮತ್ತ ಸರಿಯಾಗಿ ಎದ್ದೇಳ್ತಾರೋ ಇಲ್ಲೋ?"

ಈ ಒಂದು ಮೆಸೇಜಲ್ಲಿ ಎರಡು ಭಯ ಇದೆ, ಗಮನಿಸಿ. ಪರೀಕ್ಷೆ ನಡೆಯುವಾಗ ಎಚ್ಚರ ಇದ್ದುಬಿಟ್ರೆ ಅನ್ನೋದು ಒಂದು. ಪರೀಕ್ಷೆ ಮುಗಿದ ಮೇಲೆ ಎಚ್ಚರ ಆಗದೇ ಹೋದ್ರೆ ಅನ್ನೋದು ಇನ್ನೊಂದು. ಮಂಪರು ಔಷಧದ ಡೋಸ್ ಅನ್ನೋದು ಈ ಎರಡು ಭಯಗಳ ನಡುವಿನ ಜಾಗ. ಆ ಜಾಗ ಎಷ್ಟು ಅಗಲ, ಅದನ್ನು ಡಾಕ್ಟರು ಹೇಗೆ ಹುಡುಕ್ತಾರೆ, ಅದರಲ್ಲಿ ನಿಮ್ಮ ಪಾಲು ಏನು, ಇದಿಷ್ಟೇ ಇವತ್ತಿನ ಮಾತು.

ಪೈಪಿನ ಭಯ ಸಣ್ಣದಲ್ಲ

ನಾನೂ ಈ ಕಡೆಯವನೇ. ನಮ್ಮಲ್ಲಿ ಹೊಟ್ಟೆಯ ಯಾವ ತೊಂದರೆಗೂ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ಉರಿದ್ರೆ ಗ್ಯಾಸ್ಟ್ರಿಕ್, ತೇಗು ಬಂದ್ರೆ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿಗೆ ಹೋಗಿ ಖಾಲಿ ಹೊಟ್ಟೆಯ ಮಾತ್ರೆ ಒಂದು ಶೀಟು ತಂದ್ರೆ ಆಯ್ತು, ತಿಂಗಳುಗಟ್ಟಲೆ ನಡೆಯುತ್ತೆ. ಎಷ್ಟೋ ಜನಕ್ಕೆ ಅಷ್ಟರಲ್ಲೇ ವಾಸಿಯೂ ಆಗುತ್ತೆ.

ಆದರೆ ಕೆಲವು ಲಕ್ಷಣ ಬಂದ್ರೆ ಮಾತ್ರೆ ನುಂಗ್ತಾ ಕೂರುವ ಹಾಗಿಲ್ಲ. ಊಟ ಗಂಟಲಲ್ಲಿ, ಎದೆಯಲ್ಲಿ ಸಿಕ್ಕಿದ ಹಾಗೆ ಆಗೋದು. ಕಾರಣವಿಲ್ಲದೆ ತೂಕ ಇಳಿಯೋದು. ಮಲ ಡಾಂಬರಿನ ಹಾಗೆ ಕಪ್ಪಾಗೋದು. ವಾಂತಿಯಲ್ಲಿ ರಕ್ತ. ರಕ್ತ ಕಡಿಮೆ ಆಗಿ ಸುಸ್ತು. ಇಂಥವರಿಗೆ ಡಾಕ್ಟರು ಎಂಡೋಸ್ಕೋಪಿ ಬರೆಯೋದು ಹುಣ್ಣು ಇದೆಯಾ, ರಕ್ತಸ್ರಾವ ಇದೆಯಾ, ಕ್ಯಾನ್ಸರ್ ಏನಾದ್ರೂ ಶುರುವಾಗಿದೆಯಾ ಅಂತ ಕಣ್ಣಾರೆ ನೋಡೋಕೆ. ಪೈಪಿಗೆ ಹೆದರಿ ಆರು ತಿಂಗಳು ತಳ್ಳಿದ್ರೆ, ಆ ಆರು ತಿಂಗಳು ಕಾಯಿಲೆಯ ಪಾಲಾಗುತ್ತೆ. ಹಾಗಾಗಿ "ಧೈರ್ಯ ಮಾಡು" ಅಂತ ಹೇಳಿ ಬಿಡುವ ಭಯ ಇದಲ್ಲ. ಇದಕ್ಕೆ ಉಪಾಯ ಬೇಕು.

1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ ಅನ್ನೋ ಡಾಕ್ಟರು ಜೀವಂತ ಮನುಷ್ಯನ ಹೊಟ್ಟೆಯೊಳಗೆ ಇಣುಕಿ ನೋಡಲು ಹೊರಟರು. ಅವರ ಹತ್ರ ಇದ್ದಿದ್ದು ಬಗ್ಗದ, ನೆಟ್ಟನೆಯ ಕೊಳವೆ. ಅದನ್ನು ನುಂಗೋಕೆ ಅವರಿಗೆ ಸಿಕ್ಕಿದ್ದು ಕತ್ತಿ ನುಂಗುವ ಆಟದವನೊಬ್ಬ! ಬಾಗುವ ನಾರಿನ ಎಂಡೋಸ್ಕೋಪ್ ಬರೋಕೆ 1957ರವರೆಗೆ ಕಾಯಬೇಕಾಯ್ತು. ಅದನ್ನು ತಂದವರು ಬೇಸಿಲ್ ಹಿರ್ಷೋವಿಟ್ಜ್. ಇವತ್ತಿನ ಪೈಪ್ ಹೆಚ್ಚುಕಮ್ಮಿ ಒಂದು ಮೀಟರ್ ಉದ್ದ, ಕಿರುಬೆರಳಿಗಿಂತ ಸಣ್ಣ. ಬರೀ ತಪಾಸಣೆ ಆದ್ರೆ ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಕತ್ತಿ ನುಂಗುವವರು ಬೇಕಿಲ್ಲ. ಆದರೆ ಗಂಟಲು ಮಾತ್ರ ಅದೇ ಹಳೆಯ ಗಂಟಲು. ಏನಾದ್ರೂ ತಾಕಿದ ಕೂಡಲೇ ಓಕರಿಕೆ ಬರುತ್ತೆ.

ಮೂರು ದಾರಿ

ಮೊದಲನೇ ದಾರಿ, ಬರೀ ಸ್ಪ್ರೇ. ಗಂಟಲಿಗೆ ಲಿಗ್ನೊಕೇನ್ ಸ್ಪ್ರೇ ಹೊಡೆದು ಮರಗಟ್ಟಿಸ್ತಾರೆ. ರೋಗಿ ಪೂರ್ತಿ ಎಚ್ಚರ. ನಮ್ಮ ದೇಶದಲ್ಲಿ ತಪಾಸಣೆಯ ಎಂಡೋಸ್ಕೋಪಿ ಎಷ್ಟೋ ಕಡೆ ಹೀಗೇ ನಡೆಯೋದು. ಓಕರಿಕೆ ಬರುತ್ತೆ, ಕಣ್ಣಲ್ಲಿ ನೀರು ಬರುತ್ತೆ, ಜೊಲ್ಲು ಸುರಿಯುತ್ತೆ, ಆದರೆ ಉಸಿರಾಟಕ್ಕೆ ಅಡ್ಡಿ ಇಲ್ಲ. ಪೈಪ್ ಹೋಗೋದು ಅನ್ನನಾಳದಲ್ಲಿ, ಉಸಿರು ಹೋಗೋದು ಬೇರೆ ನಾಳದಲ್ಲಿ. ಇದನ್ನು ಮೊದಲೇ ಹೇಳಿಕೊಟ್ಟು, "ಮೂಗಿಂದ ನಿಧಾನ ಉಸಿರಾಡ್ರಿ" ಅಂತ ಪಕ್ಕದಲ್ಲಿ ಒಬ್ಬರು ಹೇಳ್ತಾ ಇದ್ರೆ ಬಹಳಷ್ಟು ಜನ ತಡ್ಕೊತಾರೆ.

ಎರಡನೇ ದಾರಿ, ಮಂಪರು. ಕೈನರಕ್ಕೆ ಔಷಧ ಕೊಡ್ತಾರೆ. ಹೆಚ್ಚಾಗಿ ಬಳಸೋದು ಮಿಡಜೋಲಮ್. ಕೆಲವೊಮ್ಮೆ ಜೊತೆಗೆ ಫೆಂಟನಿಲ್ ಥರದ ನೋವಿನ ಔಷಧ. ರೋಗಿ ತೂಕಡಿಸ್ತಾ ಇರ್ತಾರೆ, ಹೆಸರು ಹಿಡಿದು ಕರೆದ್ರೆ "ಹ್ಞಾಂ" ಅಂತಾರೆ.

ಮೂರನೇ ದಾರಿ, ಆಳವಾದ ನಿದ್ದೆ. ಇದಕ್ಕೆ ಸಾಮಾನ್ಯವಾಗಿ ಪ್ರೊಪೊಫಾಲ್. ಇಲ್ಲಿ ಕರೆದ್ರೂ ಏಳಲ್ಲ.

ಈ ಮೂರರ ನಡುವೆ ಗೋಡೆ ಇಲ್ಲ ಅನ್ನೋದನ್ನು ನೆನಪಿಡಿ. ಇದು ಇಳಿಜಾರು. ಸ್ವಲ್ಪ ಮಂಪರು, ಮಧ್ಯಮ ಮಂಪರು, ಆಳ ಮಂಪರು, ಪೂರ್ತಿ ಅರಿವಳಿಕೆ ಅಂತ ಡಾಕ್ಟರು ನಾಲ್ಕು ಹಂತ ಗುರುತಿಸ್ತಾರೆ. ಮಧ್ಯಮ ಹಂತದಲ್ಲಿ ರೋಗಿ ತಾನೇ ಉಸಿರಾಡ್ತಾ ಇರ್ತಾರೆ. ಆಳಕ್ಕೆ ಜಾರಿದ್ರೆ ನಾಲಿಗೆ ಹಿಂದಕ್ಕೆ ಬೀಳಬಹುದು, ಉಸಿರು ಸಣ್ಣಗಾಗಬಹುದು. ಔಷಧ ಒಂದೇ ಇರಬಹುದು, ಡೋಸ್ ಸ್ವಲ್ಪ ಹೆಚ್ಚಾದ್ರೆ ಅದೇ ಮನುಷ್ಯ ಒಂದು ಹಂತ ಕೆಳಗೆ ಹೋಗಿರ್ತಾರೆ. ಅದಕ್ಕೇ "ಪೂರ್ತಿ ಮಲಗಿಸಿಬಿಡ್ರಿ ಸಾರ್" ಅನ್ನೋ ಮಾತು, "ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕ್ರಿ" ಅಂದಷ್ಟು ಹಗುರದ ಮಾತಲ್ಲ.

ಸೋಲಾರ್ ನಲ್ಲಿಯ ಪಾಠ

ಮಿಡಜೋಲಮ್ ಕಥೆ ಕೇಳಿದ್ರೆ ಡೋಸ್ ಅಂದ್ರೆ ಏನು ಅನ್ನೋದು ಚೆನ್ನಾಗಿ ಅರ್ಥವಾಗುತ್ತೆ.

ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1985ರ ಕೊನೆಗೆ. ಅದಕ್ಕೂ ಮುಂಚೆ ಎಂಡೋಸ್ಕೋಪಿ ಡಾಕ್ಟರುಗಳ ಕೈಯಲ್ಲಿ ಇದ್ದಿದ್ದು ಡಯಜೆಪಾಮ್. ಅದನ್ನು ವರ್ಷಗಟ್ಟಲೆ ಕೊಟ್ಟು ಕೈ ಪಳಗಿತ್ತು. ಹೊಸ ಔಷಧವೂ ಅದೇ ಜಾತಿಯದು. ಆದರೆ ಎರಡು ವ್ಯತ್ಯಾಸ ಇತ್ತು. ಒಂದು, ಮಿಲಿಗ್ರಾಮಿಗೆ ಮಿಲಿಗ್ರಾಮ್ ಲೆಕ್ಕ ಹಾಕಿದ್ರೆ ಮಿಡಜೋಲಮ್ ಹಲವು ಪಟ್ಟು ಜೋರು. ಇನ್ನೊಂದು, ಮಿದುಳಿನ ಮೇಲೆ ಅದರ ಪೂರ್ತಿ ಪರಿಣಾಮ ಕಾಣೋಕೆ ಡಯಜೆಪಾಮ್‌ಗಿಂತ ಹೆಚ್ಚು ಹೊತ್ತು ಬೇಕು, ಸುಮಾರು ಮೂರರಿಂದ ಐದು ನಿಮಿಷ.

ನಮ್ಮ ಕಡೆ ತಾರಸಿ ಮೇಲೆ ಸೋಲಾರ್ ಇರೋ ಮನೆಯಲ್ಲಿ ಬೆಳಿಗ್ಗೆ ಏನಾಗುತ್ತೆ? ಬಿಸಿನೀರಿನ ನಲ್ಲಿ ತಿರುಗಿಸ್ತೀರಿ, ತಣ್ಣೀರೇ ಬರುತ್ತೆ. ಇನ್ನೂ ತಿರುಗಿಸ್ತೀರಿ, ಆಗಲೂ ತಣ್ಣೀರೇ. ಪೂರ್ತಿ ಬಿಟ್ಟುಬಿಡ್ತೀರಿ. ಪೈಪಲ್ಲಿದ್ದ ತಣ್ಣೀರು ಮುಗಿದದ್ದೇ ತಡ, ಕುದಿಯೋ ನೀರು ಮೈಮೇಲೆ. ನಲ್ಲಿಯದು ಏನೂ ತಪ್ಪಿಲ್ಲ, ನೀರು ಬರುವಷ್ಟು ಹೊತ್ತು ಕಾಯಲಿಲ್ಲ ಅಷ್ಟೇ.

ಅಲ್ಲಿ ನಡೆದದ್ದೂ ಇದೇ. ಔಷಧ ಕೊಟ್ಟ ಮೇಲೆ ರೋಗಿ ಇನ್ನೂ ಕಣ್ಣು ಬಿಟ್ಟಿದ್ದಾರೆ ಅಂತ ಇನ್ನೊಂದು ಡೋಸ್. ಆಮೇಲೆ ಎರಡೂ ಒಟ್ಟಿಗೆ ಕೆಲಸ ಮಾಡೋಕೆ ಶುರು. ಉಸಿರು ನಿಂತು ಹತ್ತಾರು ಸಾವುಗಳು ವರದಿಯಾದವು. ಔಷಧದ ಲೇಬಲ್ ಬದಲಾಯ್ತು, ಶಿಫಾರಸು ಮಾಡಿದ ಡೋಸ್ ಇಳೀತು, ದಪ್ಪ ಚೌಕಟ್ಟಿನೊಳಗೆ ಎಚ್ಚರಿಕೆ ಬಂತು. ಆ ಲೇಬಲ್ ಪ್ರಕಾರ 60 ದಾಟದ ಆರೋಗ್ಯವಂತ ದೊಡ್ಡವರಿಗೆ ಮೊದಲ ಸಲ 2.5 ಮಿಲಿಗ್ರಾಮ್ ಮೀರಬಾರದು. ಅದನ್ನೂ ಕನಿಷ್ಠ ಎರಡು ನಿಮಿಷದಲ್ಲಿ ನಿಧಾನವಾಗಿ ಕೊಡಬೇಕು. ಆಮೇಲೆ ಇನ್ನೂ ಎರಡು ನಿಮಿಷವಾದ್ರೂ ಕಾದು ನೋಡಬೇಕು. ಕೆಲವರಿಗೆ 1 ಮಿಲಿಗ್ರಾಮೇ ಸಾಕು. 60 ದಾಟಿದವರಿಗೆ ಮೊದಲ ಸಲ 1.5 ಮಿಲಿಗ್ರಾಮ್ ಮೀರಬಾರದು. ಈ ಅಂಕಿಗಳನ್ನು ಹೇಳಿದ್ದು ನೀವು ಡಾಕ್ಟರ ಮುಂದೆ ಲೆಕ್ಕ ಒಪ್ಪಿಸೋಕೆ ಅಲ್ಲ. ಆ ವಾಕ್ಯಗಳಲ್ಲಿ ಮಿಲಿಗ್ರಾಮಿನ ಜೊತೆ ನಿಮಿಷವೂ ಬರುತ್ತೆ ಅನ್ನೋದನ್ನು ತೋರಿಸೋಕೆ.

ಡೋಸ್ ಅನ್ನೋದು ಮೈಲಾರದ ಕಾರಣಿಕ ಅಲ್ಲ, ಬಿಲ್ಲು ಏರಿ ಒಂದೇ ಸಾಲಲ್ಲಿ ಹೇಳಿ ಮುಗಿಸೋಕೆ. ಸ್ವಲ್ಪ ಕೊಡೋದು, ಕಾಯೋದು, ನೋಡೋದು, ಬೇಕಾದ್ರೆ ಇನ್ನು ಸ್ವಲ್ಪ ಕೊಡೋದು. ಸರಿಯಾದ ಡೋಸ್ ಸಿಗೋದು ಹೀಗೆ.

ನಮ್ಮ ಚಿಕ್ಕಪ್ಪನ ಎಂಡೋಸ್ಕೋಪಿಗೆ ಜೊತೆಗೆ ಹೋಗಿದ್ದೆ. ಮೊದಲ ಇಂಜೆಕ್ಷನ್ ಆದ ಮೇಲೆ ಡಾಕ್ಟರು ಸುಮ್ಮನೆ ನಿಂತು, "ಯಾವೂರ್ರೀ? ಈ ಸಲ ಮಳಿ ಹ್ಯಾಂಗ?" ಅಂತ ಮಾತಾಡಿಸ್ತಾ ಇದ್ರು. ನನಗೆ ಹರಟೆ ಅನ್ನಿಸ್ತು. ಅದು ಅಳತೆ ಅಂತ ಆಮೇಲೆ ಅವರೇ ಹೇಳಿದ್ರು: ಉತ್ತರ ಬರೋಕೆ ತಡ ಆಗ್ತಿದೆಯಾ, ನಾಲಿಗೆ ತೊದಲ್ತಿದೆಯಾ, ರೆಪ್ಪೆ ಇಳೀತಿದೆಯಾ. ಹೀಗೆ ಮಾತು, ಮುಖ, ಕಣ್ಣು ನೋಡಿ ಮಂಪರಿಗೆ ಅಂಕ ಕೊಡೋ ಪಟ್ಟಿಗಳೂ ಇವೆ. ಎಲ್ಲಾ ಮುಗಿದು ಅರ್ಧ ಗಂಟೆ ಆದ ಮೇಲೆ ಚಿಕ್ಕಪ್ಪ ಕೇಳಿದ್ದು, "ಇನ್ನೂ ಶುರು ಮಾಡಿಲ್ಲೇನು?" ಮಿಡಜೋಲಮ್ ನೆನಪನ್ನೂ ಒರೆಸುತ್ತೆ.

ಅಧ್ಯಯನದಲ್ಲಿ ಡೋಸ್ ಹುಡುಕೋದು ಹೀಗೆ

ಹಾಗಾದ್ರೆ ಮೊದಲು ಎಷ್ಟು ಕೊಡಬೇಕು ಅನ್ನೋ ಆ ಮೊದಲ ಅಂಕಿ ಎಲ್ಲಿಂದ ಬಂತು? ಇದಕ್ಕೆ ಒಂದು ಚಂದದ ವಿಧಾನ ಇದೆ, ಏರಿಳಿತದ ವಿಧಾನ ಅಂತ ಕರೆಯೋಣ. 1948ರಲ್ಲಿ ಡಿಕ್ಸನ್, ಮೂಡ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಇದನ್ನು ಬರೆದಿಟ್ರು. ಅದು ಬಳಕೆಯಾಗಿದ್ದು ಸ್ಫೋಟಕ ಪರೀಕ್ಷೆಗೆ. ಮದ್ದಿನ ಮೇಲೆ ಒಂದು ಎತ್ತರದಿಂದ ಭಾರ ಬೀಳಿಸೋದು. ಸಿಡಿದ್ರೆ ಮುಂದಿನ ಸಲ ಎತ್ತರ ಒಂದು ಮೆಟ್ಟಿಲು ಕಡಿಮೆ, ಸಿಡೀದಿದ್ರೆ ಒಂದು ಮೆಟ್ಟಿಲು ಜಾಸ್ತಿ.

ಇದನ್ನೇ ನಮ್ಮ ಮಾತಲ್ಲಿ ನೋಡೋಣ. ಕೊಟ್ಟೂರಲ್ಲಿ ಒಬ್ಬರು ಹೊಸದಾಗಿ ಒಗ್ಗರಣೆ ಮಂಡಕ್ಕಿ ಅಂಗಡಿ ಇಟ್ರು ಅನ್ಕೊಳ್ಳಿ. ಒಂದು ಪ್ಲೇಟಿಗೆ ಎಷ್ಟು ಹಸಿಮೆಣಸಿನಕಾಯಿ ಹಾಕಬೇಕು ಗೊತ್ತಿಲ್ಲ. ಮೊದಲ ಗಿರಾಕಿಗೆ ನಾಲ್ಕು ಹಾಕ್ತಾರೆ. "ಸಪ್ಪೆ ಐತಿ" ಅಂದ. ಮುಂದಿನವನಿಗೆ ಐದು. "ಖಾರ ಆತು" ಅಂದ. ಅದರ ಮುಂದಿನವನಿಗೆ ಮತ್ತೆ ನಾಲ್ಕು. ಹೀಗೆ ಇಪ್ಪತ್ತು ಮೂವತ್ತು ಗಿರಾಕಿ ಆಗೋಷ್ಟರಲ್ಲಿ ಲೆಕ್ಕ ಒಂದು ಜಾಗದ ಸುತ್ತಮುತ್ತ ಮೇಲೆ ಕೆಳಗೆ ಆಡೋಕೆ ಶುರುವಾಗುತ್ತೆ. ಅರ್ಧ ಜನಕ್ಕೆ ಖಾರ, ಅರ್ಧ ಜನಕ್ಕೆ ಸಪ್ಪೆ ಅನ್ನಿಸೋ ಜಾಗ ಅದು.

ಎಂಡೋಸ್ಕೋಪಿಯಲ್ಲಿ ಪೈಪ್ ಒಳಗೆ ಹೋಗುವಾಗ ರೋಗಿ ಮಿಸುಕಾಡಿದ್ರಾ, ಕೆಮ್ಮಿದ್ರಾ, ಓಕರಿಸಿದ್ರಾ ಅಂತ ನೋಡ್ತಾರೆ. ಹೌದು ಅಂದ್ರೆ ಆ ರೋಗಿಗೆ ಬೇಕಾದಷ್ಟು ಔಷಧ ಅಲ್ಲೇ ಸೇರಿಸಿ ಪರೀಕ್ಷೆ ಮುಗಿಸ್ತಾರೆ, ಮುಂದಿನ ರೋಗಿಗೆ ಮೊದಲ ಡೋಸ್ ಒಂದು ಮೆಟ್ಟಿಲು ಏರಿಸ್ತಾರೆ. ಇಲ್ಲ ಅಂದ್ರೆ ಮುಂದಿನವರಿಗೆ ಒಂದು ಮೆಟ್ಟಿಲು ಇಳಿಸ್ತಾರೆ. ಕೊನೆಗೆ ಸಿಗೋದು ನೂರರಲ್ಲಿ ಐವತ್ತು ಜನಕ್ಕೆ ಸಾಕಾಗುವ ಡೋಸ್. ಇದಕ್ಕೆ ಇಡಿ 50 ಅಂತಾರೆ. ಇದೇ ವಿಧಾನವನ್ನು ಸ್ವಲ್ಪ ಬದಲಿಸಿದ್ರೆ ನೂರರಲ್ಲಿ ತೊಂಬತ್ತೈದು ಜನಕ್ಕೆ ಸಾಕಾಗುವ ಇಡಿ 95 ಸಿಗುತ್ತೆ. ರೆಮಿಮಜೋಲಮ್ ಅನ್ನೋ ಹೊಸ ಔಷಧಕ್ಕೆ ಜಪಾನ್‌ನಲ್ಲಿ, ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ಎಂಡೋಸ್ಕೋಪಿಗೆ ಅದರ ಡೋಸ್ ಎಷ್ಟು ಅಂತ ಚೀನಾದಲ್ಲಿ ಹೀಗೇ ಹುಡುಕಿದ್ದಾರೆ.

ಇಲ್ಲಿ ಎರಡು ಎಚ್ಚರ ಬೇಕು. ಮೊದಲನೆಯದು, ಇಡಿ 95 ಅಂದ್ರೆ "ಎಲ್ಲರಿಗೂ ಸರಿ" ಅಲ್ಲ. ಐದು ಜನಕ್ಕೆ ಅದು ಇನ್ನೂ ಸಾಲದು, ಬಹಳಷ್ಟು ಜನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ. ಎರಡನೆಯದು, ಇಂಥ ಅಧ್ಯಯನಗಳಿಗೆ ಬಹುತೇಕ ಆರಿಸ್ಕೊಳ್ಳೋದು ಹೆಚ್ಚು ಕಾಯಿಲೆ ಇಲ್ಲದವರನ್ನು. ತೀರಾ ವಯಸ್ಸಾದವರು, ಉಬ್ಬಸ ಇರೋರು, ಜೋರಾಗಿ ಗೊರಕೆ ಹೊಡೆಯೋರು ಎಷ್ಟೋ ಸಲ ಪಟ್ಟಿಯಿಂದ ಹೊರಗೆ. ಐವತ್ತು ವರ್ಷ ಬೀಡಿ ಸೇದಿದ ಹಡಗಲಿಯ ಅಜ್ಜ ಆ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಅಧ್ಯಯನದ ಅಂಕಿ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಹೇಳೋದು ಮುಂದೆ ಮಲಗಿರುವ ಮನುಷ್ಯ.

ಕರಡಿಯ ತೂಕ, ಮನುಷ್ಯನ ವಿವರ

ಕೂಡ್ಲಿಗಿ ತಾಲ್ಲೂಕಿನವರಿಗೆ ಗುಡೇಕೋಟೆಯ ಕರಡಿಗಳು ಗೊತ್ತು. ಊರೊಳಗೆ ಬಂದ ಕರಡಿಗೆ ಅರಿವಳಿಕೆಯ ಸೂಜಿ ಹೊಡೆಯಬೇಕಾದ್ರೆ ಪಶುವೈದ್ಯರು ದೂರದಿಂದಲೇ ಅದರ ತೂಕ ಅಂದಾಜು ಮಾಡಬೇಕು. ಬೇರೆ ದಾರಿ ಇಲ್ಲ. "ನಿನಗೆ ಬಿಪಿ ಇದೆಯಾ?" ಅಂತ ಕರಡಿಯನ್ನು ಕೇಳೋಕಾಗಲ್ಲ. ಮನುಷ್ಯನನ್ನು ಕೇಳಬಹುದು. ಆದರೆ ಕೇಳಿದಾಗ ನಾವು ನಿಜ ಹೇಳ್ತೀವಾ?

ತೂಕ ಮುಖ್ಯ, ಆದರೆ ತೂಕ ಒಂದೇ ಅಲ್ಲ. ವಯಸ್ಸಾದಂತೆ ಮಿದುಳು ಈ ಔಷಧಗಳಿಗೆ ಬೇಗ ಮಣಿಯುತ್ತೆ, ದೇಹ ಅವನ್ನು ನಿಧಾನವಾಗಿ ಹೊರಹಾಕುತ್ತೆ. ಅರವತ್ತು ಕೆಜಿಯ ಮಗನಿಗೂ ಅರವತ್ತು ಕೆಜಿಯ ಅಪ್ಪನಿಗೂ ಒಂದೇ ಡೋಸ್ ಅಲ್ಲ. ಲಿವರ್ ಕೆಟ್ಟಿದ್ರೆ ಮಿಡಜೋಲಮ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ. ದಿನಾ ಕುಡಿಯೋರಿಗೆ ಮಾಮೂಲಿ ಡೋಸ್ ಸಾಲದೇ ಹೋಗಬಹುದು, ಮಂಪರು ಬರೋ ಬದಲು ಕೈಕಾಲು ಬಡಿದು ಎದ್ದು ಕೂರಬಹುದು. ಅದೇ ಮನುಷ್ಯ ಬೆಳಿಗ್ಗೆ ಧೈರ್ಯಕ್ಕೆ ಅಂತ ಒಂದು ಕ್ವಾರ್ಟರ್ ಹಾಕಿಕೊಂಡು ಬಂದಿದ್ರೆ ಲೆಕ್ಕ ತಿರುಗಿ, ಉಸಿರಿಗೇ ಕುತ್ತು ಬರಬಹುದು. ರಾತ್ರಿ ನಿದ್ದೆ ಮಾತ್ರೆ ತಗೊಳ್ಳೋರದ್ದು ಮತ್ತೊಂದು ಲೆಕ್ಕ.

ಇನ್ನು ಗೊರಕೆ. ಇದನ್ನು ಯಾರೂ ಕಾಯಿಲೆ ಅನ್ನೋದೇ ಇಲ್ಲ, ನಗೆಚಾಟಿಕೆ ಅಷ್ಟೇ. ಆದರೆ ಗೊರಕೆ ಹೊಡೀತಾ ಹೊಡೀತಾ ಉಸಿರು ಕೆಲವು ಸೆಕೆಂಡ್ ನಿಂತು, ಆಮೇಲೆ ದಡಬಡಿಸಿ ಎಳ್ಕೊಳ್ಳೋರಿಗೆ ಮಂಪರು ಔಷಧದಲ್ಲಿ ಗಂಟಲು ಇನ್ನೂ ಬೇಗ ಮುಚ್ಚಿಕೊಳ್ಳುತ್ತೆ. ಈ ವಿಷಯ ರೋಗಿಗೇ ಗೊತ್ತಿರಲ್ಲ. ಗೊತ್ತಿರೋದು ಪಕ್ಕದಲ್ಲಿ ಮಲಗುವ ಅಮ್ಮನಿಗೆ. ಅದಕ್ಕೇ ಹೇಳೋದು, ಡಾಕ್ಟರ ಮುಂದೆ ಅಮ್ಮನೂ ಇರಲಿ. ಕುಡಿತದ ವಿಷಯ ಮಗನ ಮುಂದೆ ಅಪ್ಪ ಹೇಳಲಾರದಿದ್ರೆ ಐದು ನಿಮಿಷ ನೀವು ಹೊರಗೆ ನಿಲ್ಲಿ.

ಬಿಳಿ ಔಷಧ

ಪ್ರೊಪೊಫಾಲ್ ನೋಡೋಕೆ ಹಾಲಿನ ಹಾಗೆ ಬೆಳ್ಳಗೆ. ಅದನ್ನು ಕಂಡುಹಿಡಿದವರಲ್ಲಿ ಮುಖ್ಯರಾದ ಜಾನ್ ಗ್ಲೆನ್ ಮೂಲತಃ ಪಶುವೈದ್ಯರು. 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಔಷಧ ಅದ್ಭುತ. ನರಕ್ಕೆ ಹೋಗಿ ಒಂದು ನಿಮಿಷದೊಳಗೆ ನಿದ್ದೆ, ನಿಲ್ಲಿಸಿದ್ರೆ ಕೆಲವೇ ನಿಮಿಷದಲ್ಲಿ ಎಚ್ಚರ. ಪೈಪಿಗೆ ಬಹಳ ಹೆದರುವವರಿಗೆ, ಹೊತ್ತು ಹಿಡಿಯುವ ಚಿಕಿತ್ಸೆಗೆ ಇದು ವರ.

ಆದರೆ ಮಿಡಜೋಲಮ್ ಹೆಚ್ಚಾದ್ರೆ ಅದನ್ನು ತಡೆಯೋಕೆ ಫ್ಲೂಮಜೆನಿಲ್ ಅನ್ನೋ ಎದುರುಮದ್ದು ಇದೆ. ಪ್ರೊಪೊಫಾಲ್‌ಗೆ ಎದುರುಮದ್ದು ಇಲ್ಲ. ಅದು ಇಳಿಯುವವರೆಗೆ ರೋಗಿಯ ಉಸಿರನ್ನು ಕಾಯೋಕೆ ಒಬ್ಬರು ಬೇಕೇ ಬೇಕು. 2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ತೀರಿಹೋಗಿದ್ದು ಇದೇ ಔಷಧದಿಂದ. ಬೇಕಾದ ಉಪಕರಣಗಳಿಲ್ಲದ ಮನೆಯಲ್ಲಿ, ಸರಿಯಾಗಿ ಕಾಯುವವರಿಲ್ಲದೆ, ನಿದ್ದೆಗಾಗಿ ಅದನ್ನು ಕೊಡಲಾಗಿತ್ತು. ಅವತ್ತು ಮಿಡಜೋಲಮ್ ಕೂಡ ಕೊಟ್ಟಿದ್ರು. ಎಂಡೋಸ್ಕೋಪಿ ಕೋಣೆಯಲ್ಲಿ ಪ್ರೊಪೊಫಾಲ್ ಕೊಡೋದಾದ್ರೆ ಪೈಪ್ ನೋಡುವ ಡಾಕ್ಟರು ಬೇರೆ, ಉಸಿರು ನೋಡುವ ಅರಿವಳಿಕೆ ಡಾಕ್ಟರು ಬೇರೆ ಇರಬೇಕು. ಇದನ್ನು ಕೇಳೋದು ನಿಮ್ಮ ಹಕ್ಕು.

ಉಸಿರು ನೋಡೋದು ಅಂದ್ರೆ ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಒಂದೇ ಅಲ್ಲ. ಕೋವಿಡ್ ಟೈಮಲ್ಲಿ ಅದರ ಅಂಕಿ ನಮಗೆಲ್ಲ ಬಾಯಿಪಾಠ ಆಗಿತ್ತು. ಆದರೆ ಮೂಗಿಗೆ ಆಕ್ಸಿಜನ್ ಹಾಕಿದಾಗ, ಉಸಿರಾಟ ನಿಂತ ಮೇಲೂ ಆ ಅಂಕಿ ಸ್ವಲ್ಪ ಹೊತ್ತು 98 ಅಂತಲೇ ತೋರಿಸಬಹುದು. ಹಾಗಾಗಿ ಎದೆ ಏರಿಳಿತ ಕಣ್ಣಿಂದ ನೋಡಬೇಕು. ಆಳ ಮಂಪರಿನಲ್ಲಿ ಹೊರಬಿಡುವ ಗಾಳಿಯನ್ನು ಅಳೆಯುವ ಕ್ಯಾಪ್ನೋಗ್ರಾಫ್ ಇದ್ರೆ ಇನ್ನೂ ಒಳ್ಳೆಯದು.

ಇಂಗ್ಲೆಂಡಿನ ಎರಡು ಪ್ರದೇಶಗಳಲ್ಲಿ 14,149 ಎಂಡೋಸ್ಕೋಪಿಗಳನ್ನು ಲೆಕ್ಕ ಹಾಕಿದ ವರದಿಯೊಂದು 1995ರಲ್ಲಿ ಬಂತು. ತಪಾಸಣೆಗಾಗಿ ಮಾಡಿದ ಎಂಡೋಸ್ಕೋಪಿಯಲ್ಲಿ ಸಾವು ಸುಮಾರು 2000ಕ್ಕೆ ಒಂದು ಅಂತ ಅದು ಅಂದಾಜಿಸಿತು. ಮಂಪರು ಔಷಧದ ದೊಡ್ಡ ಡೋಸ್, ನಿಗಾ ಇಲ್ಲದಿರೋದು, ಇವುಗಳ ಕಡೆ ಅದು ಬೆರಳು ತೋರಿಸಿತು. ಅದು ಆಕ್ಸಿಮೀಟರ್ ಎಲ್ಲಾ ಕಡೆ ಇಲ್ಲದ ಕಾಲ. ನಿಗಾ ಇಡೋದು ಇವತ್ತು ನಿಯಮವೇ ಆಗಿದೆ. 2008ರಲ್ಲಿ ಅದೇ ದೇಶದ ರೋಗಿ ಸುರಕ್ಷತಾ ಸಂಸ್ಥೆ ಮಿಡಜೋಲಮ್ ಬಗ್ಗೆ ಇನ್ನೊಂದು ಎಚ್ಚರಿಕೆ ಕೊಡ್ತು. ಒಂದು ಮಿಲಿಲೀಟರಿಗೆ 1 ಮಿಲಿಗ್ರಾಮ್ ಇರುವ ಬಾಟಲಿ, 5 ಮಿಲಿಗ್ರಾಮ್ ಇರುವ ಬಾಟಲಿ, ಎರಡೂ ಒಂದೇ ಕಪಾಟಲ್ಲಿದ್ರೆ ಗಡಿಬಿಡಿಯಲ್ಲಿ ಐದು ಪಟ್ಟು ಡೋಸ್ ಹೋಗುವ ಅಪಾಯ ಇದೆ, ಹಾಗಾಗಿ ಇಂಥ ಕೋಣೆಗಳಲ್ಲಿ ಕಡಿಮೆ ಸಾಂದ್ರತೆಯದ್ದನ್ನೇ ಇಡಿ ಅಂತ. ಸುರಕ್ಷತೆ ಎಷ್ಟೋ ಸಲ ಇಂಥ ಸಣ್ಣ ವ್ಯವಸ್ಥೆಯಲ್ಲಿರುತ್ತೆ.

ನಮ್ಮ ಐದು ಊರಿನ ಲೆಕ್ಕ

ಈಗ ಊರಿನ ಮಾತಿಗೆ ಬರೋಣ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಈ ಐದೂ ತಾಲ್ಲೂಕಿಗೆ ಹೊಸಪೇಟೆ ಜಿಲ್ಲಾ ಕೇಂದ್ರ. ಆದರೆ ಆಸ್ಪತ್ರೆಗೆ ಹೋಗುವ ದಾರಿ ಜಿಲ್ಲೆಯ ಗಡಿ ಕೇಳಲ್ಲ. ಹರಪನಹಳ್ಳಿ 1997ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ದಾವಣಗೆರೆ ಜಿಲ್ಲೆಯಲ್ಲಿತ್ತು, ಅಲ್ಲಿಯವರ ಕಾಲು ಇವತ್ತಿಗೂ ದಾವಣಗೆರೆ ಕಡೆಗೇ. ಕೂಡ್ಲಿಗಿಯವರು ಹೊಸಪೇಟೆಗೆ, ಇಲ್ಲ ನಾವೆಲ್ಲ ಈಗಲೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜಿಗೆ. ಹಡಗಲಿಯಿಂದ ಹುಬ್ಬಳ್ಳಿಗೆ ಹೋಗೋರೂ ಇದ್ದಾರೆ. ಅಂದ್ರೆ ಡೋಸ್ ಬಗ್ಗೆ ಯೋಚನೆ ಮಾಡುವಾಗ ವಾಪಸ್ ಬರೋ ದಾರಿಯನ್ನೂ ಸೇರಿಸಬೇಕು.

ಹೊರಡುವ ಮುಂಚೆ: ಹೊಟ್ಟೆ ಖಾಲಿ ಇರಬೇಕು. ಗಟ್ಟಿ ಆಹಾರ ನಿಲ್ಲಿಸಿ ಆರರಿಂದ ಎಂಟು ಗಂಟೆ, ನೀರು ನಿಲ್ಲಿಸಿ ಎರಡು ಗಂಟೆ ಅನ್ನೋದು ಸಾಮಾನ್ಯ ಲೆಕ್ಕ. ನಿಮ್ಮ ಆಸ್ಪತ್ರೆ ಬೇರೆ ಹೇಳಿದ್ರೆ ಅದೇ ಸರಿ. ಮಂಪರಿನಲ್ಲಿ ವಾಂತಿ ಬಂದು ಅದು ಶ್ವಾಸಕೋಶಕ್ಕೆ ಇಳಿದ್ರೆ ಪ್ರಾಣಕ್ಕೇ ಕುತ್ತು. ಬಸ್‌ಸ್ಟ್ಯಾಂಡಲ್ಲಿ "ಒಂದೇ ಮಿರ್ಚಿ, ಏನಾಗಲ್ಲ" ಅನ್ನೋರ ಮಾತು ಕೇಳಬೇಡಿ. ಗೊತ್ತಾಗದೆ ತಿಂದಿದ್ರೆ ಮುಚ್ಚಿಡಬೇಡಿ, ಪರೀಕ್ಷೆ ತಡ ಆಗಬಹುದು ಅಷ್ಟೇ. ಶುಗರ್ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಇದ್ರೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಡಾಕ್ಟರಿಗೆ ಹೇಳಬೇಕಾದ್ದನ್ನು ಈಗಲೇ ಫೋನಿನ ನೋಟ್ಸ್‌ನಲ್ಲಿ ಬರೆದಿಡಿ. ನಿಜವಾದ ವಯಸ್ಸು, ಆಧಾರ್ ಕಾರ್ಡಿನದ್ದಲ್ಲ. ತೂಕ. ಕೊನೆಯ ಊಟ ಎಷ್ಟು ಹೊತ್ತಿಗೆ. ಎಲ್ಲಾ ಮಾತ್ರೆಗಳ ಫೋಟೋ. ಕುಡಿತ, ಬೀಡಿ, ಕಡ್ಡಿಪುಡಿ. ಗೊರಕೆ, ಉಬ್ಬಸ. ಲಿವರ್, ಕಿಡ್ನಿ, ಹೃದಯದ ತೊಂದರೆ. ಹಿಂದೆ ಆಪರೇಷನ್‌ನಲ್ಲಿ ಅರಿವಳಿಕೆಯಿಂದ ಏನಾದ್ರೂ ಆಗಿತ್ತಾ. ಕಟ್ಟಿದ ಹಲ್ಲು ಇದೆಯಾ, ಅಲ್ಲಾಡುವ ಹಲ್ಲು ಇದೆಯಾ.

ನೀವು ಕೇಳಬೇಕಾದ್ದು ಮೂರೇ. "ಬರೀ ಸ್ಪ್ರೇ ಸಾಕಾ, ಮಂಪರು ಬೇಕಾ?" "ಮಂಪರು ಕೊಟ್ರೆ ಉಸಿರು ನೋಡ್ಕೊಳ್ಳೋಕೆ ಬೇರೆ ಒಬ್ಬರು ಇರ್ತಾರಾ?" "ಆಮೇಲೆ ಎಷ್ಟು ಹೊತ್ತು ಇಲ್ಲೇ ಇರಬೇಕು?" ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ವಯಸ್ಸಾದ, ಎದೆ ದುರ್ಬಲ ಇರುವ ಎಷ್ಟೋ ಜನಕ್ಕೆ ಮಂಪರೇ ಇಲ್ಲದ ಸ್ಪ್ರೇ ದಾರಿ ಅತಿ ಸುರಕ್ಷಿತ. ಸೊನ್ನೆ ಕೂಡ ಒಂದು ಡೋಸೇ.

ಮುಗಿದ ಮೇಲೆ: ಗಂಟಲು ಮರಗಟ್ಟಿರುವವರೆಗೆ ನೀರೂ ಬೇಡ, ನೆತ್ತಿಗೇರುತ್ತೆ. ಮಂಪರು ತಗೊಂಡಿದ್ರೆ ಮನುಷ್ಯ ಸರಿಯಾಗಿ ಮಾತಾಡ್ತಾ, ನಗ್ತಾ ಇದ್ರೂ ಕೈ ಕಣ್ಣಿನ ಚುರುಕು ಪೂರ್ತಿ ವಾಪಸ್ ಬಂದಿರಲ್ಲ. ಫ್ಲೂಮಜೆನಿಲ್ ಕೊಟ್ಟು ಎಬ್ಬಿಸಿದ್ರಂತೂ ಇನ್ನೂ ಹೆಚ್ಚು ಹೊತ್ತು ಆಸ್ಪತ್ರೆಯಲ್ಲೇ ಇರಬೇಕು, ಯಾಕಂದ್ರೆ ಆ ಎದುರುಮದ್ದು ಬೇಗ ಇಳಿದು ಮಿಡಜೋಲಮ್ ಇನ್ನೂ ಉಳಿದಿರಬಹುದು, ಮಂಪರು ಮರಳಬಹುದು. ಒಂದು ದಿನ ಪೂರ್ತಿ ಬೈಕ್ ಇಲ್ಲ, ಟ್ರ್ಯಾಕ್ಟರ್ ಇಲ್ಲ, ಬೋರಿನ ಸ್ಟಾರ್ಟರ್ ಮುಟ್ಟೋದಿಲ್ಲ, ಯಾವ ಕಾಗದಕ್ಕೂ ಸಹಿ ಇಲ್ಲ. ಬೈಕಿನ ಹಿಂದಿನ ಸೀಟಲ್ಲೂ ಕೂರಿಸಬೇಡಿ, ತೂಕಡಿಸಿ ಬೀಳ್ತಾರೆ. ಬಸ್ಸಾಗಲಿ, ದಾವಣಗೆರೆ, ಹರಪನಹಳ್ಳಿ, ಕೊಟ್ಟೂರು ಮೇಲೆ ಹೊಸಪೇಟೆಗೆ ಹೋಗುವ ರೈಲಾಗಲಿ, ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಒಂದು ಕೆಲಸ ಮಾತ್ರ ಫೋನ್ ಇರುವ ನಿಮ್ಮದೇ. ಪರೀಕ್ಷೆ ಆದ ಮೇಲೆ ಡಾಕ್ಟರು ರಿಪೋರ್ಟ್ ವಿವರಿಸ್ತಾರೆ. ಅಪ್ಪ ತಲೆ ಆಡಿಸ್ತಾರೆ, ಸಂಜೆಗೆ ಒಂದೂ ನೆನಪಿರಲ್ಲ. ಹಾಗಾಗಿ ಅನುಮತಿ ಕೇಳಿ ಆ ಮಾತನ್ನು ರೆಕಾರ್ಡ್ ಮಾಡ್ಕೊಳ್ಳಿ. ಬಯಾಪ್ಸಿಗೆ ತುಣುಕು ತೆಗೆದಿದ್ರೆ ರಿಪೋರ್ಟ್ ಯಾವತ್ತು ಬರುತ್ತೆ ಅಂತ ಕೇಳಿ, ಅಲ್ಲೇ ಕ್ಯಾಲೆಂಡರ್‌ಗೆ ಹಾಕಿ. ಮನೆಗೆ ಬಂದ ಮೇಲೆ ಜೋರು ಹೊಟ್ಟೆನೋವು, ಎದೆನೋವು, ಜ್ವರ, ರಕ್ತವಾಂತಿ, ಉಸಿರಾಟದ ತೊಂದರೆ ಕಂಡ್ರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನು ಆ ಮೆಸೇಜ್ ಕಳಿಸಿದವರಿಗೆ ನನ್ನ ಉತ್ತರ: ಕೊಡಿಸಬಹುದು, ಆದರೆ "ಪೂರ್ತಿ" ಅಂತ ನೀವು ಮೊದಲೇ ತೀರ್ಮಾನ ಮಾಡಬೇಡಿ. ಅಪ್ಪಾಜಿಯ ಭಯವನ್ನೂ ಅವರ ಗೊರಕೆಯನ್ನೂ ಡಾಕ್ಟರಿಗೆ ಒಟ್ಟಿಗೇ ಹೇಳಿ, ಎಷ್ಟು ಬೇಕು ಅನ್ನೋದನ್ನು ಅವರಿಗೆ ಬಿಡಿ. ಡಾಕ್ಟರು ಇಂಜೆಕ್ಷನ್ ಕೊಟ್ಟು ಸುಮ್ಮನೆ ನಿಂತಿದ್ರೆ ಅವಸರ ಮಾಡಬೇಡಿ. ಅವರು ಕೆಲಸ ಮಾಡ್ತಾ ಇದ್ದಾರೆ. ಪರೀಕ್ಷೆಯ ತಾರೀಕು ಮಾತ್ರ ಮುಂದೆ ಹಾಕಬೇಡಿ.